ಸ್ಕೋಪ್ ಇದ್ದಮೇಲೆ ಸೈಟ್ ಯಾಕೆ?

ಉಪ್ಪನ ಅಂಗಡಿಯಲ್ಲಿ ಎರಡು ತಕ್ಕಡಿಗಳಿವೆ. ಒಂದು ಕರೆಂಟಿನದು, ಕೌಂಟರಿನ ಮೇಲೆ ಕೂತಿದೆ. ಇನ್ನೊಂದು ಹಳೆಯ ಕಬ್ಬಿಣದ್ದು, ಒಳಗೆ ಮೊಳೆಯ ಡಬ್ಬಗಳ ಪಕ್ಕ ಕೊಕ್ಕೆಗೆ ನೇತುಹಾಕಿದೆ. ಎಲೆಕ್ಟ್ರಾನಿಕ್ ತಕ್ಕಡಿ ತಂದ ದಿನವೇ ನಾನು ಹಳೆಯದನ್ನು ಗುಜರಿಗೆ ಹಾಕೋಣ ಅಂದಿದ್ದೆ. ಉಪ್ಪ ಬೇಡ ಅಂದರು. ಅಷ್ಟೇ ಅಲ್ಲ, ಉಪಯೋಗಿಸದೆ ಬಿದ್ದಿರುವ ಆ ತಕ್ಕಡಿಗೂ ಅದರ ಬೊಟ್ಟುಗಳಿಗೂ ಕಾಲಕಾಲಕ್ಕೆ ದುಡ್ಡು ಕೊಟ್ಟು ಸರ್ಕಾರಿ ಮುದ್ರೆ ಹಾಕಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಆ ನಗು ನಿಂತದ್ದು ಹೇಗೆ ಅಂತ ಹೇಳುವುದಕ್ಕೆ ಈ ಬರಹ.

ಮೊದಲು ನಮ್ಮ ಪರಿಚಯ. ಮೂಲ ಬಂಟ್ವಾಳ ತಾಲೂಕು. ಉಪ್ಪ ಮದುವೆಗೆ ಮೊದಲೇ ಗಟ್ಟ ಹತ್ತಿ ರಾಯದುರ್ಗಕ್ಕೆ ಬಂದವರು. ಬೋರ್‌ವೆಲ್ ಪೈಪು, ಮೋಟಾರಿನ ಬುಷ್ಷು, ನಟ್ಟು ಬೋಲ್ಟು, ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಬೇಕಾದ ಮಷೀನ್ ಬೆಲ್ಟು ಇವೇ ನಮ್ಮ ವ್ಯಾಪಾರ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕು. ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರಿನ ಜೊತೆ ಆ ಕಡೆ ಹೋಯಿತು. ಹಾಗಾಗಿ ನಾವು ಮಕ್ಕಳು ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು ಮಾತಾಡಿಕೊಂಡೇ ಬೆಳೆದೆವು. ನನ್ನ ಮಾಮನ ಅಂಗಡಿ ಇದ್ದದ್ದು ಮಡಕಶಿರಾದಲ್ಲಿ. ಅಲ್ಲಿಯೂ ಕನ್ನಡವೇ, ಆದರೆ ಪಾವಗಡ, ಶಿರಾ ಕಡೆಯ ಕನ್ನಡ. ರಾಯದುರ್ಗದಲ್ಲಿ ಶೇಂಗಾ ಅನ್ನುವುದನ್ನು ಅಲ್ಲಿ ಕಡ್ಲೆಕಾಯಿ ಅನ್ನುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೆಲಸ ಹುಡುಕಿ, ಸಿಗದೆ, ಮಾಮನಿಗೆ ಮೈ ಸರಿಯಿಲ್ಲದ ಕಾಲದಲ್ಲಿ ಎರಡು ವರ್ಷ ಆ ಅಂಗಡಿಯಲ್ಲಿ ಕೂತವನು ನಾನು. ಮಡಕಶಿರಾ ಇನ್ನೂ ಅನಂತಪುರ ಜಿಲ್ಲೆಯಲ್ಲೇ ಇದ್ದ ಕಾಲ ಅದು. ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ.

ಅಲ್ಲಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಸೈನಿಕರು. ಊರಿನವರೆಲ್ಲ ಸುಬೇದಾರ್ ತಾತ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗುಡ್ಡದ ಬುಡದಲ್ಲಿ ಎಂಟು ಎಕರೆ ಹೊಲ. ಮಳೆಗಾಲದ ಕಡ್ಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿ ಇಳಿಯುತ್ತಿದ್ದವು. ಒಂದು ರಾತ್ರಿ ಹಿಂಡು ನುಗ್ಗಿದರೆ ಬೆಳಿಗ್ಗೆ ಹೊಲ ಟ್ರ್ಯಾಕ್ಟರ್ ಹೊಡೆದ ಹಾಗೆ. ಬೆಳೆ ರಕ್ಷಣೆಗೆಂದು ಅವರ ಹತ್ತಿರ ಲೈಸೆನ್ಸ್ ಇರುವ ಪಾಯಿಂಟ್ 315 ರೈಫಲ್ ಇತ್ತು. ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ, ಬೋಲ್ಟ್ ಎಳೆದು ಹೊಡೆಯುವ ರೈಫಲ್. ನಮ್ಮ ಕರಾವಳಿಯ ತೋಟದ ಮನೆಗಳಲ್ಲಿ ಕೇಪಿನ ಕೋವಿ, ತೋಟೆ ಕೋವಿ ನೋಡಿದವರಿಗೆ ಹೇಳಬೇಕೆಂದರೆ, ತೋಟೆ ಕೋವಿಯ ಚಿಲ್ಲು ಐವತ್ತು ಗಜದಾಚೆ ಚೆದುರಿ ಸೋಲುತ್ತದೆ. ಇದರದು ಒಂದೇ ಗುಂಡು, ಗುರಿ ತಪ್ಪಿದರೆ ಕಿಲೋಮೀಟರ್ ದಾಟಿಯೂ ಹೋಗುತ್ತದೆ.

ಒಂದು ದಿನ ತಾತ ಅಂಗಡಿಗೆ ಬಂದು, ಬಿಲ್ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದು ಕೇಳಿದರು:

“ಏನಪ್ಪಾ ಇಂಜಿನಿಯರು, ವಯಸ್ಸಾತು, ಹಿಂದಿನ ಸೈಟು ಮಂಜುಮಂಜಾಗಿ ಕಾಣ್ತೈತೆ. ಸ್ಕೋಪ್ ಕೂರಿಸ್ತೀನಿ. ಗನ್ ರಿಪೇರಿಯೋನು ಎರಡು ದಾರಿ ಹೇಳವ್ನೆ. ಎತ್ತರದ ಮೌಂಟ್ ಹಾಕಿದ್ರೆ ಹಳೇ ಸೈಟ್ ಹಂಗೇ ಉಳೀತೈತಂತೆ. ತಗ್ಗಿನ ಮೌಂಟ್ ಹಾಕಿದ್ರೆ ಹಿಂದಿನ ಸೈಟ್ ತೆಗೀಬೇಕಂತೆ. ಯಾವುದು ಮಾಡ್ಲಿ?”

ಸೈಟ್ ಅಂದರೆ ನಮಗೆ ಮನೆ ಕಟ್ಟುವ ಜಾಗ. ಬಂದೂಕಿನ ಸೈಟ್ ಬೇರೆ. ನಳಿಗೆಯ ಬಾಯಿಯ ಹತ್ತಿರ ಒಂದು ತೆಳ್ಳನೆ ಕಡ್ಡಿ, ಕಣ್ಣಿನ ಕಡೆ ಒಂದು ಕಚ್ಚು. ಕಚ್ಚಿನ ನಡುವೆ ಕಡ್ಡಿ, ಕಡ್ಡಿಯ ತುದಿಯಲ್ಲಿ ಗುರಿ. ಕಬ್ಬಿಣದ ಈ ಎರಡು ತುಂಡುಗಳೇ ಸೈಟ್. ಪಾಲಿಟೆಕ್ನಿಕ್‌ನಲ್ಲಿ ಎನ್‌ಸಿಸಿ ಸೇರಿದ್ದಾಗ ಪಾಯಿಂಟ್ 22 ರೈಫಲ್‌ನಲ್ಲಿ ಮಲಗಿ ಹೊಡೆದು ಅಷ್ಟು ಮಾತ್ರ ನನಗೆ ಗೊತ್ತಿತ್ತು. ಸ್ಕೋಪ್ ಅನ್ನು ಅಲ್ಲಿಯವರೆಗೆ ಕಣ್ಣಿಟ್ಟು ನೋಡಿಯೂ ಇರಲಿಲ್ಲ. ಆದರೆ ಇಂಜಿನಿಯರು ಅಂದರಲ್ಲ!

“ತೆಗೆಸಿಬಿಡಿ ತಾತ. ಸ್ಕೋಪ್ ಇದ್ದಮೇಲೆ ಸೈಟ್ ಯಾಕೆ? ಸೆಲ್ಫ್ ಸ್ಟಾರ್ಟ್ ಬಂದಮೇಲೆ ಯಾರಾದ್ರೂ ಗಾಡಿಗೆ ಹ್ಯಾಂಡಲ್ ಹಾಕಿ ತಿರುಗಿಸ್ತಾರಾ?” ಅಂದೆ. ಸ್ಕೋಪ್ ನಳಿಗೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು, ಎತ್ತರಿಸಿದರೆ ಕೆನ್ನೆ ಮರದ ಮೇಲೆ ಸರಿಯಾಗಿ ಕೂರುವುದಿಲ್ಲ ಅಂತ ಎರಡು ಮಾತು ಸೇರಿಸಿದೆ. ಅವು ಸುಳ್ಳಲ್ಲ. ತಾತ ತಲೆಯಾಡಿಸಿ, ಎರಡು ಕೆಜಿ ಬೈಂಡಿಂಗ್ ವೈರ್ ತೆಗೆದುಕೊಂಡು ಹೋದರು. ಸುಬೇದಾರರೇ ನನ್ನ ಮಾತು ಕೇಳಿದರು ಅಂತ ನನಗೆ ಆ ಸಂಜೆಯೆಲ್ಲ ಹೆಮ್ಮೆ.

ಮುಂದಿನ ಅಕ್ಟೋಬರ್. ಕಾಯಿ ಕೀಳಲು ಎರಡು ವಾರ ಇತ್ತು. ಸುತ್ತಿನ ರೈತರ ದೂರಿನ ಮೇಲೆ ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಬಂದಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಬೇಟೆ ಅಪರಾಧ. ಬೆಳೆಗೆ ಅಥವಾ ಜೀವಕ್ಕೆ ಅಪಾಯ ತರುವ ಪ್ರಾಣಿಯನ್ನು ಕೊಲ್ಲಲು 11ನೇ ಕಲಂನಡಿ ಅಧಿಕಾರಿ ಲಿಖಿತವಾಗಿ, ಕಾರಣ ಸಹಿತ ಅನುಮತಿ ಕೊಡಬೇಕು. ಕೋವಿಯ ಲೈಸೆನ್ಸ್ ಬೇರೆ, ಕೊಲ್ಲುವ ಅನುಮತಿ ಬೇರೆ. ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು, ಮನೆಗೆ ತರುವ ಹಾಗಿಲ್ಲ. ನಮ್ಮವರಿಗೆ ಹೇಗೂ ಆ ಮಾಂಸ ಬೇಡ. ಆದರೆ ಅಡಿಕೆ ಗಿಡದ ಬುಡ ಅಗೆಯುವಾಗ ಅದು ತೋಟದವನ ಜಾತಿ ಧರ್ಮ ಕೇಳುವುದಿಲ್ಲ.

ಆ ರಾತ್ರಿ ಆದದ್ದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಮೂವರ ಬಾಯಲ್ಲಿ ಕೇಳಿ ಜೋಡಿಸಿದ್ದು. ಎರಡು ಗಂಟೆಯ ಹೊತ್ತಿಗೆ ಹಂದಿಗಳು ಬಂದವು. ತಾತ ಅಟ್ಟಣೆಯ ಮೇಲೆ ಕೂತು, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ಸುಮಾರು ಎಪ್ಪತ್ತು ಮೀಟರ್ ದೂರಕ್ಕೆ ಒಂದು ಗುಂಡು ಹೊಡೆದರು. ಪೆಟ್ಟು ಭುಜಕ್ಕೆ ಬೀಳುವುದರ ಬದಲು ಹಿಂದಕ್ಕೆ, ಹೊಟ್ಟೆಗೆ ಬಿತ್ತು. ಹಂದಿ ಹಳ್ಳದ ಸೀಮೆಜಾಲಿಯ ಪೊದೆಗೆ ನುಗ್ಗಿತು. ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಡುವ ಹಾಗಿಲ್ಲ. ಬೆಳಗಾದರೆ ಅದೇ ಹಳ್ಳದಲ್ಲಿ ಹೆಂಗಸರು ನಡೆದು ಹೋಗುತ್ತಾರೆ, ಕುರಿಯವರು ಇಳಿಯುತ್ತಾರೆ. ಮುಕ್ಕಾಲು ಗಂಟೆ ಕಾದು, ತಾತ, ಅರಣ್ಯ ಇಲಾಖೆಯ ಕಾವಲುಗಾರ, ಹೊಲ ಕಾಯುವ ಆಳು ಮೂವರೂ ಇಳಿದರು. ಟಾರ್ಚ್ ಆಳಿನ ಕೈಯಲ್ಲಿ.

ಹಂದಿ ಎದ್ದದ್ದು ಎಂಟು ಹತ್ತು ಹೆಜ್ಜೆ ದೂರದಲ್ಲಿ. ಕಾಡುಹಂದಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು ಅನ್ನುತ್ತಾರೆ. ಅಂದರೆ ಹತ್ತು ಮೀಟರಿಗೆ ಒಂದು ಸೆಕೆಂಡ್. ತಾತ ರೈಫಲ್ ಎತ್ತಿದರು. ಸ್ಕೋಪ್ ಅಟ್ಟಣೆಯ ಮೇಲೆ ಇಟ್ಟಿದ್ದ ಹಾಗೇ ಒಂಬತ್ತು ಪಟ್ಟು ದೊಡ್ಡದು ಮಾಡುವ ಗುರುತಿನಲ್ಲಿತ್ತು. ಗಾಜಿನ ಮೇಲೆ ಅವರದೇ ಉಸಿರಿನ ಮಂಜು. ಕಂಡದ್ದು ಬೂದು ಬಣ್ಣ ಮಾತ್ರ. ಅದು ಹಂದಿಯ ಕೂದಲೋ, ಆಳಿನ ಕಂಬಳಿಯೋ ಗೊತ್ತಾಗಲಿಲ್ಲ. ಅವರು ಟ್ರಿಗರ್ ಒತ್ತಲಿಲ್ಲ. ಹಂದಿ ಆಳಿನ ತೊಡೆ ಸೀಳಿ ಹೋಯಿತು. ಬೆಳಿಗ್ಗೆ ಇನ್ನೂರು ಗಜದಾಚೆ ಸತ್ತು ಬಿದ್ದಿತ್ತು.

ಹಿಂದೂಪುರದ ಆಸ್ಪತ್ರೆಯಲ್ಲಿ ಆ ಮನುಷ್ಯನಿಗೆ ಇಪ್ಪತ್ತಾರು ಹೊಲಿಗೆ ಬಿತ್ತು. ಜೀವ ಉಳಿಯಿತು. ಈಗಲೂ ಎಡಗಾಲು ಎಳೆದೇ ನಡೆಯುತ್ತಾನೆ.

ಸುದ್ದಿ ಕೇಳಿದ ದಿನ ನಾನು ರಾಯದುರ್ಗಕ್ಕೆ ಫೋನ್ ಮಾಡಿ ಉಪ್ಪನಿಗೆ ಎಲ್ಲ ಹೇಳಿದೆ, ನಾನು ಕೊಟ್ಟ ಸಲಹೆಯೂ ಸೇರಿ. ಉಪ್ಪ ಬೈಯಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಬಂದರು. ಹಣ್ಣು, ಹಾಲಿನ ಪುಡಿ, ಒಂದು ಕವರ್ ಹಿಡಿದು ಇಬ್ಬರೂ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಕೂತಾಗ ಒಂದೇ ಮಾತು ಹೇಳಿದರು: “ಮೋನೆ, ನೀನು ಹೇಳಿದ ಮಾತಿಗೆ ಬಿಲ್ ಬರೆದಿಲ್ಲ. ಹಾಗಂತ ಅದರ ಸಾಲ ಇಲ್ಲ ಅಂತಲ್ಲ.”

ಆಸ್ಪತ್ರೆಯಲ್ಲಿ ತಾತನೇ ನನ್ನನ್ನು ಸಮಾಧಾನ ಮಾಡಿದರು. “ನಿಂದೇನೈತಪ್ಪಾ ತಪ್ಪು, ತೆಗೆಸಿದೋನು ನಾನು” ಅಂದರು. ಆದರೆ ಆಳಿನ ಹೆಂಡತಿ ಮೂಲೆಯಲ್ಲಿ ಕೂತು ನಮ್ಮನ್ನು ನೋಡುತ್ತಿದ್ದಳು. ಆಕೆಗೆ ಸ್ಕೋಪ್ ಗೊತ್ತಿಲ್ಲ, ಸೈಟ್ ಗೊತ್ತಿಲ್ಲ. ಆಕೆಯ ಎದುರು ನಿಂತಾಗ ಡಿಪ್ಲೊಮಾ ನನ್ನ ನೆರವಿಗೆ ಬರಲಿಲ್ಲ.

ಆಮೇಲೆ ನಾನು ಮಾಡಿದ್ದು, ಆ ಪ್ರಶ್ನೆಗೆ ಮೊದಲ ದಿನವೇ ಕೊಡಬೇಕಿದ್ದ ಉತ್ತರ ಹುಡುಕಿದ್ದು. ಓದಿದೆ, ತಿಳಿದವರನ್ನು ಕೇಳಿದೆ, ಕಾಗದದ ಮೇಲೆ ಲೆಕ್ಕ ಹಾಕಿದೆ. ಕೋವಿಯನ್ನು ಮಾತ್ರ ಮುಟ್ಟಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು. ಲೇತ್ ಇದೆ ಅಂತ ನಾವು ನೀವು ಒಂದು ತೂತು ಕೊರೆದುಕೊಡುವ ಹಾಗಿಲ್ಲ. ನಮ್ಮ ಲೇತಿಗೆ ಬಂದೂಕಿನ ಯಾವ ತುಂಡೂ ತಾಗಬಾರದು ಅನ್ನುವುದು ಉಪ್ಪನ ಹಳೆಯ ಕಟ್ಟುನಿಟ್ಟು.

ಮೊದಲು ಸ್ಕೋಪಿನ ಪರವಾಗಿ ಹೇಳುತ್ತೇನೆ, ಯಾಕೆಂದರೆ ತಾತ ಅದನ್ನು ಹಾಕಿಸಿದ್ದು ತಪ್ಪಲ್ಲ. ಸೈಟಿನಲ್ಲಿ ಕಣ್ಣು ಮೂರು ದೂರಗಳನ್ನು ಒಟ್ಟಿಗೆ ನೋಡಬೇಕು: ಹಿಂದಿನ ಕಚ್ಚು, ಮುಂದಿನ ಕಡ್ಡಿ, ಗುರಿ. ನಲವತ್ತು ದಾಟಿದ ಕಣ್ಣಿಗೆ ಅದು ಕಷ್ಟ. ಸ್ಕೋಪಿನಲ್ಲಿ ಗುರುತು ಮತ್ತು ಗುರಿ ಎರಡೂ ಒಂದೇ ದೂರದಲ್ಲಿ ಇದ್ದ ಹಾಗೆ ಕಾಣುತ್ತವೆ. ಇನ್ನೊಂದು ಲೆಕ್ಕ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಅಂತರ ಇದೆ ಅಂದುಕೊಳ್ಳಿ. ಕಡ್ಡಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದು ಕಂಡರೆ ಐವತ್ತು ಮೀಟರಿನಲ್ಲಿ ಗುಂಡು ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಮುಸ್ಸಂಜೆಯಲ್ಲಿ ಕಪ್ಪು ಕಡ್ಡಿ ಕಪ್ಪು ಹಂದಿಯ ಮೇಲೆ ಕಾಣುವುದೇ ಇಲ್ಲ. ದೂರದಲ್ಲಿ ನಿಂತ ಪ್ರಾಣಿಯನ್ನು ಒಂದೇ ಪೆಟ್ಟಿಗೆ, ನರಳಿಸದೆ ಮುಗಿಸಲು ಸ್ಕೋಪ್ ಒಳ್ಳೆಯದು. ಹಿಂದೆ ಏನಿದೆ ಅಂತ ನೋಡಲೂ ಒಳ್ಳೆಯದು.

ಈಗ ಅದು ಕೈಕೊಡುವ ಬಗೆ. ಒಂದು, ಹಿಡಿತ. ಸ್ಕೋಪ್ ಅಂದರೆ ಒಂದು ಅಲ್ಯೂಮಿನಿಯಂ ಕೊಳವೆ, ಎರಡು ಉಂಗುರಗಳಲ್ಲಿ ಸಣ್ಣ ಸ್ಕ್ರೂಗಳಿಂದ ಬಿಗಿದದ್ದು. ಪ್ರತಿ ಗುಂಡಿಗೂ ಸುತ್ತಿಗೆಯ ಪೆಟ್ಟಿನಂಥ ಒದೆತ. ಉಂಗುರಗಳ ಅಂತರ ಹತ್ತು ಸೆಂಟಿಮೀಟರ್ ಇದ್ದು, ಒಂದು ಉಂಗುರ ಮಿಲಿಮೀಟರಿನ ಹತ್ತನೇ ಒಂದು ಭಾಗ ಕದಲಿದರೂ ನೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ. ಮೋಟಾರಿನ ಫೌಂಡೇಶನ್ ಬೋಲ್ಟ್ ಸಡಿಲಾದರೆ ಶಬ್ದ ಬರುತ್ತದೆ. ಇದು ಸದ್ದಿಲ್ಲದೆ ತಪ್ಪುತ್ತದೆ. ಬೈಕಿನಲ್ಲಿ ಒಯ್ಯುವಾಗ ಕಲ್ಲಿಗೆ ಒಮ್ಮೆ ತಾಗಿದರೆ ಸಾಕು.

ಎರಡು, ಗಾಜು. ಒಳ್ಳೆಯ ಸ್ಕೋಪಿನ ಒಳಗೆ ಗಾಳಿಯ ಬದಲು ನೈಟ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ, ಒಳಗೆ ಮಂಜು ಕಟ್ಟುವುದಿಲ್ಲ. ಹೊರಗಿನ ಗಾಜಿಗೆ ನೈಟ್ರೋಜನ್ ಏನು ಮಾಡೀತು? ತಣ್ಣನೆ ಗಾಜಿನ ಮೇಲೆ ಬಿಸಿ ಉಸಿರು ಬಿದ್ದರೆ ಮಂಜೇ. ಮಳೆಹನಿ, ಧೂಳು, ಜೇಡರಬಲೆ ಯಾವುದಾದರೂ ಅಷ್ಟೇ.

ಮೂರು, ಅತಿ ಹತ್ತಿರ. ಇದೇ ಆ ರಾತ್ರಿ ಆದದ್ದು. ಮೂರರಿಂದ ಒಂಬತ್ತು ಪಟ್ಟಿನ ಸಾಮಾನ್ಯ ಸ್ಕೋಪಿನಲ್ಲಿ ಒಂಬತ್ತಕ್ಕೆ ಇಟ್ಟರೆ ನೂರು ಮೀಟರ್ ದೂರದಲ್ಲಿ ಮೂರೂವರೆ, ನಾಲ್ಕು ಮೀಟರ್ ಅಗಲ ಕಾಣುತ್ತದೆ. ಹತ್ತು ಮೀಟರಿನಲ್ಲಿ ಕಾಣುವುದು ಅದರ ಹತ್ತನೇ ಒಂದು ಭಾಗ, ಒಂದು ಮೊಳವೂ ಇಲ್ಲ. ಸಾಲದ್ದಕ್ಕೆ ಇಂಥ ಸ್ಕೋಪ್‌ಗಳನ್ನು ನೂರು ಗಜದ ಆಸುಪಾಸಿಗೆ ಹೊಂದಿಸಿರುತ್ತಾರೆ, ಹತ್ತಿರದ್ದು ಕಲಸಿಹೋಗುತ್ತದೆ. ಸ್ಕೋಪ್ ಗುರಿಯನ್ನು ಹತ್ತಿರ ತರುತ್ತದೆ, ಸುತ್ತಲಿನದನ್ನು ಅಳಿಸುತ್ತದೆ. ಕಬ್ಬಿಣದ ಸೈಟ್ ಗುರಿಯನ್ನು ಹತ್ತಿರ ತರುವುದಿಲ್ಲ, ಆದರೆ ಎರಡೂ ಕಣ್ಣು ತೆರೆದು ಹಂದಿಯನ್ನೂ ನೋಡಬಹುದು, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವನನ್ನೂ ನೋಡಬಹುದು.

ಹಾಗಾದರೆ ಸ್ಕೋಪ್ ಇರುವ ಎಲ್ಲ ರೈಫಲ್‌ಗೂ ಸೈಟ್ ಬೇಕೇ? ಬೇಕೇಬೇಕು ಅಂತ ನಾನು ಹೇಳುವುದಿಲ್ಲ. ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಂಥ ದೇಶಗಳಲ್ಲಿ ಈಗ ಅಂಗಡಿಗೆ ಬರುವ ಬೇಟೆ ರೈಫಲ್‌ಗಳಲ್ಲಿ ಹೆಚ್ಚಿನವುಗಳ ನಳಿಗೆಯ ಮೇಲೆ ಸೈಟೇ ಇರುವುದಿಲ್ಲ. ಬಯಲಿನಲ್ಲಿ ಇನ್ನೂರು ಮೀಟರ್ ದೂರದ ಜಿಂಕೆಗೆ ಕಾದು ಕೂತವನ ಸ್ಕೋಪ್ ಕೆಟ್ಟರೆ ಅವನು ಮನೆಗೆ ಹೋಗಬಹುದು. ಜಿಂಕೆ ಅವನ ಮೇಲೆ ಬರುವುದಿಲ್ಲ. ಅಷ್ಟು ದೂರಕ್ಕೆ ಕಬ್ಬಿಣದ ಸೈಟಿನಲ್ಲಿ ಹೊಡೆಯಲು ಹೋದರೆ ಗಾಯ ಮಾಡುವುದೇ ಹೆಚ್ಚು. ಆಫ್ರಿಕಾದಲ್ಲಿ ಕಾಡೆಮ್ಮೆ, ಆನೆಗಳಿಗೆಂದು ಮಾಡಿದ ರೈಫಲ್‌ಗಳ ಮಾತು ಬೇರೆ. ಅವುಗಳಲ್ಲಿ ಸೈಟ್ ಇದ್ದೇ ಇರುತ್ತದೆ, ಸ್ಕೋಪನ್ನು ಸನ್ನೆ ತಿರುಗಿಸಿ ಕ್ಷಣದಲ್ಲಿ ಕಳಚುವ ಮೌಂಟ್ ಇರುತ್ತದೆ. ಅಂದರೆ ಪ್ರಶ್ನೆ ಸ್ಕೋಪ್ ಎಷ್ಟು ಗಟ್ಟಿ ಅನ್ನುವುದಲ್ಲ. ಸ್ಕೋಪ್ ಕಾಣದೆ ಹೋದ ಕ್ಷಣದಲ್ಲಿ ನೀವು ಬಂದೂಕು ಇಳಿಸಿ ಹಿಂದಕ್ಕೆ ಬರಬಹುದೇ, ಇಲ್ಲವೇ ಅನ್ನುವುದು.

ಅಟ್ಟಣೆಯ ಮೇಲೆ ಕೂತವನು ಇಳಿಸಬಹುದು. ಇಳಿಸಲೇಬೇಕು. ಸ್ಕೋಪ್ ಮಂಜಾಯಿತು ಅಂತ ರಾತ್ರಿ ಎಪ್ಪತ್ತು ಮೀಟರಿಗೆ ಕಬ್ಬಿಣದ ಸೈಟಿನಲ್ಲಿ ಅಂದಾಜು ಹೊಡೆಯುವುದು ಬೆಳೆ ಉಳಿಸುವ ಕೆಲಸ ಅಲ್ಲ. ನಮ್ಮ ಹೊಲಗಳ ಆಚೆ ಊರಿದೆ, ರಸ್ತೆಯಿದೆ, ಕುರಿಹಟ್ಟಿಯಿದೆ. ಆದರೆ ಗಾಯಗೊಂಡ ಪ್ರಾಣಿಯ ಹಿಂದೆ ಪೊದೆಗೆ ಇಳಿಯುವವನಿಗೆ ಆ ಆಯ್ಕೆ ಇಲ್ಲ. ಹೊಡೆದವನ ಮೇಲೆ ಒಂದು ಸಾಲ ಕೂತಿದೆ, ತೀರಿಸಬೇಕು. ಅವನಿಗೆ ಬೇಕು ಸೈಟ್. ಇದು ನನ್ನ ಉತ್ತರ. ಎರಡನೇ ಸೈಟ್ ಬೇಟೆ ಮುಂದುವರಿಸಲು ಅಲ್ಲ, ಶುರು ಮಾಡಿದ್ದನ್ನು ಯಾರಿಗೂ ಏಟಾಗದೆ ಮುಗಿಸಲು.

ಕೆನೆತ್ ಆಂಡರ್ಸನ್ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದದವರು ನಮ್ಮಲ್ಲಿ ಕಡಿಮೆ. ಅವರ ನೆಚ್ಚಿನ ಪಾಯಿಂಟ್ 405 ವಿಂಚೆಸ್ಟರ್‌ನಲ್ಲಿ ಇದ್ದದ್ದು ಕಬ್ಬಿಣದ ಸೈಟೇ. ಜಿಮ್ ಕಾರ್ಬೆಟ್ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದ ರಾತ್ರಿ ರೈಫಲ್‌ಗೆ ಟಾರ್ಚ್ ಕಟ್ಟಿದ್ದರು. ಗುಂಡು ಹಾರಿದ್ದೇ ತಡ, ಆ ಟಾರ್ಚ್ ಆರಿಹೋಯಿತು. ಚಿರತೆ ಸತ್ತಿದೆಯೋ ಇಲ್ಲವೋ ಗೊತ್ತಿಲ್ಲದೆ ಅವರು ಕತ್ತಲೆಯಲ್ಲಿ ಮರದ ಮೇಲೆಯೇ ಕೂತರು, ಕೆಳಗೆ ಇಳಿಯಲಿಲ್ಲ. ಅಂಥವರೇ ಕಾದರು ಅನ್ನುವುದನ್ನು ನಾನು ಈಗ ಮರೆಯುವುದಿಲ್ಲ.

ಸೈಟ್ ಇದ್ದರಷ್ಟೇ ಸಾಲದು, ಇದನ್ನೂ ಹೇಳಬೇಕು. ಸ್ಕೋಪ್ ಬಿಗಿದ ಮೇಲೆ ಅದರ ಕೆಳಗೆ ಮುಚ್ಚಿಹೋದ ಸೈಟ್ ಇದ್ದೂ ಇಲ್ಲದ ಹಾಗೆ. ತಾತ ಆ ದಿನ ಸೈಟ್ ತೆಗೆಸದೆ, ತಗ್ಗಿನ ಮೌಂಟೇ ಹಾಕಿಸಿದ್ದರೆ ಆಗಲೂ ಕಾಣುತ್ತಿರಲಿಲ್ಲ. ಹಾಗಾಗಿ ಒಂದೋ ಕಳಚುವ ಮೌಂಟ್ ಬೇಕು, ಇಲ್ಲವೇ ಕೆಳಗಿನಿಂದ ನೋಡಲು ಬರುವ ಎತ್ತರದ ಮೌಂಟ್. ಎರಡನೆಯದರಲ್ಲಿ ಕೆನ್ನೆ ಮೇಲಕ್ಕೆತ್ತಬೇಕಾಗುತ್ತದೆ ಎಂದು ನಾನು ಹೇಳಿದ್ದು ನಿಜ. ಕಳಚುವುದೇ ಮೇಲು. ಕಳಚಬೇಕಾದದ್ದು ಪೊದೆಗೆ ಇಳಿಯುವ ಮೊದಲು, ಹಂದಿ ಎದ್ದ ಮೇಲೆ ಅಲ್ಲ. ಅದೂ ಆಗದಿದ್ದರೆ ಕನಿಷ್ಠ ಒಂಬತ್ತನ್ನು ಮೂರಕ್ಕೆ ತಿರುಗಿಸಿ, ಗಾಜು ಒರೆಸಿ ಇಳಿಯಬೇಕು. ಒಂದು ಬೆರಳಿನ ಕೆಲಸ. ಆ ರಾತ್ರಿ ಅದೊಂದು ಮಾಡಿದ್ದರೂ ಒಂದು ಮೀಟರಿಗೂ ಹೆಚ್ಚು ಅಗಲ ಕಾಣುತ್ತಿತ್ತು. ತಪ್ಪು ನನ್ನ ಸಲಹೆಯದು ಮಾತ್ರ ಅಲ್ಲ ಅಂತ ನನಗೆ ಗೊತ್ತಿದೆ. ನನ್ನ ಪಾಲು ಎಷ್ಟೋ ಅಷ್ಟು ನನ್ನದೇ.

ಇನ್ನೊಂದು ಮಾತು. ವರ್ಷಗಟ್ಟಲೆ ಪರೀಕ್ಷಿಸದ ಸೈಟ್ ಸೈಟಲ್ಲ. ಸ್ಕೋಪನ್ನು ಹೇಗೆ ಗುಂಡು ಹೊಡೆದು ಹೊಂದಿಸುತ್ತಾರೋ ಹಾಗೆ ಸೈಟನ್ನೂ ಹೊಂದಿಸಿ ನೋಡಬೇಕು, ಅದೂ ಇಪ್ಪತ್ತು ಮೂವತ್ತು ಮೀಟರಿಗೆ. ನಮ್ಮಲ್ಲಿ ಪ್ರತಿ ತೋಟೆಗೂ ಲೆಕ್ಕವಿದೆ, ಹೊಡೆಯುವ ಜಾಗಕ್ಕೂ ಅನುಮತಿ ಬೇಕು. ಆದ್ದರಿಂದಲೇ ಜನ ಅದನ್ನು ಬಿಟ್ಟುಬಿಡುತ್ತಾರೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬಂದ ಕೋವಿಯನ್ನು ತಿಂಗಳ ಮೇಲೆ ತರುವವರು ನಮ್ಮ ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಎಷ್ಟೋ ಮಂದಿ. ತಂದ ಮೇಲೆ ಸ್ಕ್ರೂ, ಸೈಟ್, ಗಾಜು ನೋಡುತ್ತೀರಾ ಅಂತ ಅವರನ್ನೇ ಕೇಳುತ್ತೇನೆ.

ಇದನ್ನು ಈಗ ಬರೆಯಲು ಕಾರಣ ಇದೆ. 2022ರಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿಸುವ ಅಧಿಕಾರ ಪಂಚಾಯತ್‌ಗಳಿಗೆ ಬಂದಿದೆ. ಕಾಸರಗೋಡಿನ ಕಡೆ ಲೈಸೆನ್ಸ್ ಕೋವಿ ಇರುವ ನಮ್ಮ ನೆಂಟರಿಷ್ಟರ ಬಾಯಲ್ಲೂ ಈ ಮಾತು ಬರುತ್ತಿದೆ. ಅಲ್ಲಿ ಹೆಚ್ಚಾಗಿ ತೋಟೆ ಕೋವಿ, ಅದರ ತುದಿಯ ಒಂದು ಮಣಿ, ತಲೆಗೆ ಕಟ್ಟಿದ ಟಾರ್ಚ್. ಹತ್ತಿರದ ಹೊಡೆತಕ್ಕೆ ಅಷ್ಟೇ ಸಾಕು. ಆದರೆ ಹೋದ ರಜೆಯಲ್ಲಿ ಊರಿಗೆ ಹೋದಾಗ ನನ್ನ ಚಿಕ್ಕಮ್ಮನ ಮಗ ಮೊಬೈಲ್ ತೋರಿಸಿ, “ಕಾಕ, ಈ ಸ್ಕೋಪ್ ತರಿಸಿ ಹಾಕಿದ್ರೆ ಹೇಗೆ? ಮಣಿ ತೆಗೆಸಿಬಿಡ್ಲಾ?” ಅಂತ ಕೇಳಿದ. ನಾನು ಹೇಳಿದ ಹಳೆಯ ಮಾತನ್ನೇ ಬೇರೆ ಬಾಯಲ್ಲಿ ಕೇಳಿದ ಹಾಗಾಯಿತು. ಅವನನ್ನು ಕೂರಿಸಿ ಇಷ್ಟನ್ನೂ ಹೇಳಿದೆ. ಲೈಸೆನ್ಸ್ ಇರುವ ಗನ್‌ಸ್ಮಿತ್‌ನನ್ನು ಕೇಳದೆ ಏನೂ ಮಾಡಬೇಡ, ಮಣಿಯನ್ನಂತೂ ಮುಟ್ಟಬೇಡ ಅಂದೆ.

ಸುಬೇದಾರ್ ತಾತ ಆಮೇಲೆ ರೈಫಲ್ಲನ್ನು ಅದೇ ಗನ್ ರಿಪೇರಿಯವನ ಹತ್ತಿರ ಒಯ್ದು ಹಿಂದಿನ ಸೈಟ್ ಮತ್ತೆ ಕೂರಿಸಿದರು, ಸ್ಕೋಪಿಗೆ ಕಳಚುವ ಮೌಂಟ್ ಹಾಕಿಸಿದರು. ಹೋಗುವ ಮೊದಲು ಅಂಗಡಿಗೆ ಬಂದು, “ಈ ಸಲ ಏನಂತೀಯಪ್ಪಾ?” ಅಂತ ಕೇಳಿದರು. ನನ್ನ ಮೇಲೆ ಕೋಪ ಇಲ್ಲ ಅಂತ ತೋರಿಸಲು ಕೇಳಿದ್ದು. “ನನಗೆ ಗೊತ್ತಿಲ್ಲ ತಾತ, ಗೊತ್ತಿರೋರನ್ನ ಕೇಳಿ” ಅಂದೆ. ಆ ಮಾತನ್ನು ನಾನು ಗಿರಾಕಿಗೆ ಹೇಳಿದ್ದು ಅದೇ ಮೊದಲು. ಈಗ ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ, ವ್ಯಾಪಾರ ಏನೂ ಕಡಿಮೆಯಾಗಿಲ್ಲ. ತಾತ ಆಮೇಲೆ ಗುಂಡು ಹೊಡೆದದ್ದು ನನಗೆ ಗೊತ್ತಿಲ್ಲ. ಹೊಲದ ಸುತ್ತ ತಂತಿ ಬೇಲಿ ಬಂತು. ಅದರ ವೈರ್ ನಮ್ಮ ಅಂಗಡಿಯದೇ, ಲಾಭ ತೆಗೆದುಕೊಳ್ಳಬೇಡ ಅಂತ ಉಪ್ಪ ಫೋನ್ ಮಾಡಿ ಹೇಳಿದ್ದರು.

ಮಾಮ ಚೇತರಿಸಿಕೊಂಡ ಮೇಲೆ ನಾನು ರಾಯದುರ್ಗಕ್ಕೆ ವಾಪಸಾದೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ತಕ್ಕಡಿಯ ಬ್ಯಾಟರಿಯೂ ಸತ್ತಿತ್ತು. ಅಂಗಡಿಯ ಮುಂದೆ ಐದಾರು ಗಿರಾಕಿಗಳು. ಉಪ್ಪ ಒಂದು ಮಾತೂ ಆಡದೆ ಒಳಗೆ ಹೋಗಿ ಹಳೆಯ ತಕ್ಕಡಿ ತಂದು ಕೊಕ್ಕೆಗೆ ಹಾಕಿದರು. ಖಾಲಿ ತಟ್ಟೆಗಳು ಸಮ ನಿಂತವೋ ಅಂತ ಒಮ್ಮೆ ನೋಡಿದರು. ಬೊಟ್ಟಿನ ಹಿಂದಿನ ಸೀಸದ ಮೇಲೆ ಆ ಸಲದ ಮುದ್ರೆ ಹೊಳೆಯುತ್ತಿತ್ತು. ನಾನು ಮೊಳೆ ತೂಗತೊಡಗಿದೆ.